ಮುಂಬಯಿ ಮ್ಯಾರಥಾನ್ ಓಡಿಬಂದ ಹಾಸನ, ಚಿಕ್ಕಮಗಳೂರಿನವರೇ, ಮೂವತ್ತು ಕಿಲೋಮೀಟರ್ ಆದಮೇಲೆ ನಿಮಗೇನಾಯಿತು?

ಹಾಸನ, ಸಾಲಗಾಮೆ ರಸ್ತೆ

ಬರುವ ಜನವರಿಯ ಮುಂಬಯಿ ಮ್ಯಾರಥಾನ್‌ಗೆ ನಮ್ಮ ಬೆಳಗಿನ ಓಟದ ಬಳಗದಿಂದ ಐದು ಜನ ಹೆಸರು ಕೊಟ್ಟಿದ್ದಾರೆ. ಅವರಲ್ಲಿ ಮೂವರಿಗೆ ಇದು ಮೊದಲ ಪೂರ್ಣ ಮ್ಯಾರಥಾನ್, ಎಂದರೆ 42.195 ಕಿ.ಮೀ. ಓಟ. ಅವರಿಗೆ ಹೇಳಬೇಕಾದ ಮಾತುಗಳನ್ನು ಒಬ್ಬನೇ ಹೇಳುವುದಕ್ಕಿಂತ, ಆ ರಸ್ತೆಯಲ್ಲಿ ಓಡಿದ ನಮ್ಮ ಭಾಗದವರೆಲ್ಲ ಒಂದೆಡೆ ಬರೆದರೆ ಹೆಚ್ಚು ಉಪಯೋಗವಾದೀತೆಂದು ಈ ಚರ್ಚೆ ಆರಂಭಿಸುತ್ತಿದ್ದೇನೆ. ಮೊದಲು ನನ್ನ ಅನುಭವ.

ನಾನು ಮೊದಲ ಸಲ ಓಡಿದ್ದು 2020ರ ಜನವರಿಯಲ್ಲಿ. ಅದಕ್ಕೂ ಹಿಂದೆ ಎರಡು ವರ್ಷ ಗೊರೂರು ರಸ್ತೆಯಲ್ಲೂ ಸಾಲಗಾಮೆ ರಸ್ತೆಯಲ್ಲೂ ತಪ್ಪದೆ ಓಡಿದ್ದೆ. ನಮ್ಮೂರು ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ, ಡಿಸೆಂಬರಿನ ಬೆಳಗಿನ ಚಳಿಯಲ್ಲಿ 30 ಕಿ.ಮೀ. ಓಡಿದರೂ ಬನಿಯನ್ ಪೂರ್ತಿ ನೆನೆಯುವುದಿಲ್ಲ. ಎತ್ತರದ ಊರಿನಿಂದ ಕಡಲತಡಿಗೆ ಹೋಗುತ್ತಿದ್ದೇನೆ, ಉಸಿರು ಇನ್ನಷ್ಟು ಸಲೀಸಾಗುತ್ತದೆ ಎಂದು ಲೆಕ್ಕ ಹಾಕಿದ್ದೆ. ಆ ಲೆಕ್ಕ ಪೂರಾ ತಪ್ಪಾಗಿತ್ತು. ಇಷ್ಟು ಎತ್ತರದಿಂದ ಹೇಳಿಕೊಳ್ಳುವಂಥ ಲಾಭವೇನೂ ಸಿಗುವುದಿಲ್ಲ. ಬದಲಿಗೆ, ನಮ್ಮ ಒಣ ಚಳಿಗೆ ಒಗ್ಗಿದ ಮೈ ಅಲ್ಲಿಯ ತೇವದ ಸೆಕೆಯಲ್ಲಿ ತತ್ತರಿಸುತ್ತದೆ.

ಬೆಳಗಿನ ಜಾವ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ಸಿನ ಎದುರು ನಿಂತಾಗ ದೀಪಗಳ ಬೆಳಕಿನಲ್ಲಿ ಆ ಹಳೆಯ ಕಟ್ಟಡ ಜಗಜಗಿಸುತ್ತಿತ್ತು. ಸುತ್ತಲೂ ಸಾವಿರಾರು ಜನರಿದ್ದರು. ಹುರುಪು ತಡೆಯಲಾಗಲಿಲ್ಲ. ನಾಲ್ಕು ಕಾಲು ಗಂಟೆಯಲ್ಲಿ ಮುಗಿಸುವ ಗುರಿಯಿದ್ದವನು, ಎಂದರೆ ಕಿಲೋಮೀಟರಿಗೆ ಆರು ನಿಮಿಷದಂತೆ ಹೋಗಬೇಕಿದ್ದವನು, ಮೊದಲ ಹತ್ತನ್ನು 56 ನಿಮಿಷದಲ್ಲಿ ಓಡಿಬಿಟ್ಟೆ. ಮರೀನ್ ಡ್ರೈವಿನ ತಂಗಾಳಿ, ಹಾಜಿ ಅಲಿಯ ನೋಟ, ಆಮೇಲೆ ಕಡಲ ಮೇಲೆ 5.6 ಕಿ.ಮೀ. ಉದ್ದಕ್ಕೆ ಚಾಚಿದ ಬಾಂದ್ರಾ-ವರ್ಲಿ ಸೇತುವೆ. ಅದರ ಮೇಲೆ ನೋಡಲು ನಿಂತ ಜನರಿರುವುದಿಲ್ಲ, ಕೂಗಿ ಹುರಿದುಂಬಿಸುವವರಿರುವುದಿಲ್ಲ. ಸಾವಿರಾರು ಬೂಟುಗಳು ಕಾಂಕ್ರೀಟಿಗೆ ತಾಗುವ ಸದ್ದೊಂದೇ ಕೇಳುತ್ತಿರುತ್ತದೆ. ಅರ್ಧ ದೂರವನ್ನು 2 ಗಂಟೆ 1 ನಿಮಿಷಕ್ಕೆ ದಾಟಿದೆ. ಆಗಲೇ ಬೂಟಿನೊಳಗೆ ಬೆವರು ತುಂಬಿ ಹೆಜ್ಜೆಹೆಜ್ಜೆಗೂ ಪಿಚಕ್ ಪಿಚಕ್ ಎನ್ನುತ್ತಿತ್ತು.

ವರ್ಲಿಯ ಬಳಿ ಎದುರುಬದಿಯಿಂದ ವೃತ್ತಿಪರ ಓಟಗಾರರ ಗುಂಪು ಬಂತು. ನಮಗಿಂತ ಎರಡು ಗಂಟೆ ತಡವಾಗಿ ಹೊರಟವರು ಅವರು. ಕ್ಷಣಮಾತ್ರ ಕಂಡರು, ಅಷ್ಟರಲ್ಲಿ ಹೋಗಿಯೇಬಿಟ್ಟರು. ಅವರ ಪಾದ ನೆಲಕ್ಕೆ ತಾಗಿದ್ದೇ ನನಗೆ ಕಾಣಲಿಲ್ಲ. ಆ ದಿನ ಗೆದ್ದ ಇಥಿಯೋಪಿಯಾದ ದೆರಾರಾ ಹುರಿಸಾ 2 ಗಂಟೆ 8 ನಿಮಿಷ 9 ಸೆಕೆಂಡಿನಲ್ಲಿ ಅಂದಿನ ಕೂಟದಾಖಲೆ ಮಾಡಿದರು. ಓಡಿದ್ದು ಜೊತೆಗಾರನಿಂದ ಎರವಲು ಪಡೆದ ಬೂಟಿನಲ್ಲಿ.

ಮೂವತ್ತನೇ ಕಿಲೋಮೀಟರಿನ ಫಲಕ ಕಂಡಾಗ ಗಡಿಯಾರ 3 ಗಂಟೆ 2 ನಿಮಿಷ ತೋರಿಸುತ್ತಿತ್ತು. ಅಲ್ಲಿಂದ ಮುಂದೆ ಅಕ್ಷರಶಃ ಜಂಘಾಬಲವೇ ಉಡುಗಿಹೋಯಿತು. ನೋವು ಅಷ್ಟಿರಲಿಲ್ಲ, ಕಾಲು ನನ್ನ ಮಾತು ಕೇಳುವುದನ್ನೇ ಬಿಟ್ಟಿತ್ತು. ಪೆಡ್ಡರ್ ರಸ್ತೆಯ ಏರು ಹೋಗುವಾಗಲೂ ಸಿಗುತ್ತದೆ, ಆಗ ಅದು ಏರೆಂದೇ ಅನಿಸಿರಲಿಲ್ಲ. 35 ಕಿ.ಮೀ. ದಾಟಿ ಬಿಸಿಲೇರಿದ ಮೇಲೆ ಮತ್ತೆ ಅದೇ ಏರು ಎದುರಾದಾಗ ಕಂಬ ಹಿಡಿದು ನಿಂತುಬಿಟ್ಟೆ. ಅಲ್ಲಿ ಮನೆಯ ಮುಂದೆ ಸಣ್ಣ ಮೇಜು ಇಟ್ಟುಕೊಂಡು ನಿಂತಿದ್ದ ವಯಸ್ಸಾದ ತಾಯಿಯೊಬ್ಬರು ಸುಲಿದ ಕಿತ್ತಳೆಯ ತೊಳೆಗೆ ಉಪ್ಪು ಹಚ್ಚಿ ನನ್ನ ಬಾಯಿಗೇ ಇಟ್ಟರು. ಮರಾಠಿಯಲ್ಲಿ ಏನೋ ಹೇಳಿದರು. ನನಗೆ ಅರ್ಥವಾಗಲಿಲ್ಲ, ಆದರೆ ಕಣ್ಣು ತುಂಬಿ ಬಂತು. ಕೊನೆಯ ಹನ್ನೆರಡು ಕಿಲೋಮೀಟರಿಗೆ ಒಂದು ಗಂಟೆ ನಲವತ್ತೊಂಬತ್ತು ನಿಮಿಷ ಹಿಡಿಯಿತು, ಒಟ್ಟು 4 ಗಂಟೆ 51 ನಿಮಿಷ.

ನನ್ನ ತಿಳಿವಳಿಕೆ ಇಷ್ಟೇ: ನಮ್ಮ ಕಡೆಯವರು ಸೋಲುವುದು ಏರಿಗಲ್ಲ, ಸೆಕೆಗೆ ಮತ್ತು ಮೊದಲ ಹತ್ತು ಕಿಲೋಮೀಟರಿನ ಆತುರಕ್ಕೆ. ಓಡಿಬಂದವರು ದಯವಿಟ್ಟು ಬರೆಯಿರಿ.

ಆಲ್ದೂರು, ಕಾಫಿ ಬೆಳೆಗಾರ

2023ರಲ್ಲಿ ಓಡಿದೆ. ಕೋವಿಡ್‌ನಿಂದ ಎರಡು ವರ್ಷ ನಿಂತಿದ್ದ ಕೂಟ ಮತ್ತೆ ಆರಂಭವಾದ ವರ್ಷ ಅದು. ಹುರಿಸಾ ಅವರ ದಾಖಲೆಯನ್ನು ಹೈಲೆ ಲೆಮಿ 2 ಗಂಟೆ 7 ನಿಮಿಷ 32 ಸೆಕೆಂಡಿಗೆ ಇಳಿಸಿದ್ದೂ ಆಗಲೇ.

ನಮ್ಮ ಭಾಗದವರಿಗೆ ಇನ್ನೊಂದು ತೊಡಕಿದೆ, ಅದನ್ನು ಯಾವ ತರಬೇತಿ ಪಟ್ಟಿಯೂ ಗಣನೆಗೆ ತೆಗೆದುಕೊಳ್ಳುವುದಿಲ್ಲ. ಈ ಓಟ ಬರುವುದು ಜನವರಿಯ ಮೂರನೇ ಭಾನುವಾರದ ಆಸುಪಾಸಿನಲ್ಲಿ. ನವೆಂಬರಿನಿಂದ ಜನವರಿಯವರೆಗೆ ನಮಗೆ ಅರೇಬಿಕಾ ಕೊಯ್ಲು, ಅದು ಮುಗಿಯುವಷ್ಟರಲ್ಲಿ ರೊಬಸ್ಟಾ ಹಣ್ಣಾಗಿರುತ್ತದೆ. ಅತಿ ಉದ್ದದ ಓಟಗಳನ್ನು ಮಾಡಬೇಕಾದ ಡಿಸೆಂಬರಿನಲ್ಲಿಯೇ ಹಗಲೆಲ್ಲ ತೋಟದಲ್ಲಿ, ಸಂಜೆ ಹಣ್ಣು ತೂಗುವಲ್ಲಿ, ರಾತ್ರಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯಲ್ಲಿ ನಿಂತಿರಬೇಕು. ದಿನಕ್ಕೆ ಹತ್ತು ಗಂಟೆ ನಿಂತ ಕಾಲಿಗೆ ಮರುದಿನ 32 ಕಿ.ಮೀ. ಓಡು ಎಂದರೆ ಅದು ಓಡುತ್ತದೆ, ಆದರೆ ಸುಧಾರಿಸಿಕೊಳ್ಳುವುದಿಲ್ಲ. ನಾನು ಕೊನೆಗೆ ಕೊಯ್ಲು ಬಿರುಸಾಗುವ ಮೊದಲೇ, ಅಂದರೆ ನವೆಂಬರ್ ಮಧ್ಯದೊಳಗೆ, ಮೂರು ಉದ್ದದ ಓಟಗಳನ್ನು ಮುಗಿಸಿ, ಡಿಸೆಂಬರಿನಲ್ಲಿ ದೂರ ಕಡಿಮೆ ಮಾಡಿ ವಾರಕ್ಕೆ ನಾಲ್ಕು ದಿನ ಮಾತ್ರ ಓಡಿದೆ. ನನಗೆ ಅದು ಕೈಹಿಡಿಯಿತು.

ಏರಿನ ವಿಷಯದಲ್ಲಿ ಮೇಲಿನವರ ಮಾತು ಒಪ್ಪುತ್ತೇನೆ, ಆದರೆ ಇಳುಕಲಿನ ಬಗ್ಗೆಯೂ ಬರೆಯಬೇಕು. ಕೈಮರದಿಂದ ಮುಳ್ಳಯ್ಯನಗಿರಿಯ ಕಡೆಗೆ ಏರುವುದನ್ನೇ ನಾವು ದೊಡ್ಡ ಸಾಧನೆಯೆಂದು ಹೇಳಿಕೊಳ್ಳುತ್ತೇವೆ, ವಾಪಸ್ಸು ಮಾತ್ರ ಜೀಪಿನಲ್ಲಿ ಬರುತ್ತೇವೆ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಉದ್ದವಾಗುತ್ತಲೇ ಭಾರ ತಡೆಯಬೇಕಾಗುತ್ತದೆ. ಅದರ ಎಳೆಗಳು ಹರಿದು ಮತ್ತೆ ಗಟ್ಟಿಯಾಗುವುದು ಆ ಕೆಲಸದಿಂದಲೇ. ಹಾಗೆ ಇಳಿದು ಪಳಗಿದ ತೊಡೆ ಮ್ಯಾರಥಾನಿನ ಕೊನೆಯ ಹತ್ತು ಕಿಲೋಮೀಟರಿನಲ್ಲಿ ಕುಸಿಯುವುದಿಲ್ಲ. ನಾನು ಹದಿನೈದು ದಿನಕ್ಕೊಮ್ಮೆ ಆರೇಳು ಕಿಲೋಮೀಟರ್ ನಿಧಾನವಾಗಿ ಇಳಿದು ಅಭ್ಯಾಸ ಮಾಡಿದ್ದೆ. ಮೊದಲ ಸಲ ಇಳಿದ ಮರುದಿನ ತೋಟದ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿಯಬೇಕಾಯಿತು. ಮೂರನೆಯ ಸಲಕ್ಕೆ ನೋವೇ ಇರಲಿಲ್ಲ.

ಸಕಲೇಶಪುರ

ನಾನಿನ್ನೂ ಮ್ಯಾರಥಾನ್ ಓಡಿಲ್ಲ, ಹೆಸರು ಕೊಟ್ಟಿದ್ದೇನೆ. ನಮ್ಮ ಕಡೆ ಆನೆಗಳ ಕಾರಣದಿಂದ ಬೆಳಗಿನ ಐದಕ್ಕೆ ರಸ್ತೆಗಿಳಿಯುವುದು ಸಾಧ್ಯವೇ ಇಲ್ಲ. ಅರಣ್ಯ ಇಲಾಖೆಯ ಸಂದೇಶ ನೋಡಿಕೊಂಡು, ಬೆಳಕು ಹರಿದ ಮೇಲೆಯೇ ಹೊರಡುತ್ತೇನೆ. ಇದರಿಂದ ತೊಂದರೆಯಾಗುತ್ತದೆಯೇ?

ಹಾಸನ, ಸಾಲಗಾಮೆ ರಸ್ತೆ

ತೊಂದರೆಯಲ್ಲ, ಅನುಕೂಲ. ಎಂಟೂವರೆಯ ಬಿಸಿಲು ಕಂಡ ಮೈಯೇ ಮುಂಬಯಿಗೆ ಬೇಕಾದದ್ದು. ಆನೆ ಇರುವ ಕಡೆ ಒಬ್ಬರೇ ಹೋಗಬೇಡಿ, ಕಿವಿಗೆ ಹಾಡು ಹಾಕಿಕೊಂಡಂತೂ ಹೋಗಲೇಬೇಡಿ.

ಹಾಸನ, ಶುಶ್ರೂಷಕಿ

ಓಟಗಾರ್ತಿಯಾಗಿಯೂ, ಆಸ್ಪತ್ರೆಯಲ್ಲಿ ಕೆಲಸ ಮಾಡುವವಳಾಗಿಯೂ ಎರಡು ಮಾತು ಬರೆಯುತ್ತೇನೆ. ಇವುಗಳಲ್ಲಿ ಎಚ್ಚರ ತಪ್ಪಿದರೆ ಪದಕದ ಮಾತು ಹಾಗಿರಲಿ, ಜೀವಕ್ಕೇ ಕುತ್ತು ಬರುತ್ತದೆ.

ಬೆವರು ಮೈಯನ್ನು ತಂಪು ಮಾಡುವುದು ಅದು ಆವಿಯಾದಾಗ ಮಾತ್ರ. ನಮ್ಮ ಒಣಗಾಳಿಯಲ್ಲಿ ಬೆವರು ಕಾಣುವ ಮೊದಲೇ ಆರಿಹೋಗುತ್ತದೆ. ಮುಂಬಯಿಯ ಗಾಳಿಯಲ್ಲಿ ಆಗಲೇ ತೇವ ತುಂಬಿರುವುದರಿಂದ ಬೆವರು ಆರದೆ ತೊಟ್ಟಿಕ್ಕುತ್ತದೆ, ನೀರು ಉಪ್ಪು ಎರಡೂ ಖರ್ಚಾಗುತ್ತವೆ, ಮೈ ಮಾತ್ರ ತಣಿಯುವುದಿಲ್ಲ. ಆಗ ಹೃದಯ ಸ್ನಾಯುಗಳಿಗೂ ರಕ್ತ ಕಳಿಸಬೇಕು, ಚರ್ಮಕ್ಕೂ ಕಳಿಸಬೇಕು. ಅದೇ ವೇಗಕ್ಕೆ ನಾಡಿಬಡಿತ ಏರುತ್ತಾ ಹೋಗುವುದು ಇದರಿಂದಲೇ. ಗಡಿಯಾರದ ವೇಗ ನೋಡಿ ಓಡಿದವರು ಅಲ್ಲಿ ಮೋಸಹೋಗುತ್ತಾರೆ, ಉಸಿರು ನೋಡಿ ಓಡಿದವರು ಉಳಿದುಕೊಳ್ಳುತ್ತಾರೆ.

ಇದಕ್ಕೆ ಹೆದರಿ ಕಂಡ ಕಂಡ ಮೇಜಿನಲ್ಲೆಲ್ಲ ನೀರು ಕುಡಿಯುವುದು ಅದಕ್ಕಿಂತ ದೊಡ್ಡ ತಪ್ಪು, ಅತಿಯಾದ ನೀರು ರಕ್ತದಲ್ಲಿರುವ ಉಪ್ಪಿನ ಸೋಡಿಯಂ ಅಂಶವನ್ನು ತೆಳುವಾಗಿಸುತ್ತದೆ. 2002ರ ಬೋಸ್ಟನ್ ಮ್ಯಾರಥಾನಿನಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದಾಗ ಶೇ 13ರಷ್ಟು ಜನರಲ್ಲಿ ಸೋಡಿಯಂ ಅಂಶ ಇರಬೇಕಾದ್ದಕ್ಕಿಂತ ಕೆಳಗಿತ್ತು. ಓಟ ಮುಗಿಯುವ ಹೊತ್ತಿಗೆ ತೂಕ ಹೆಚ್ಚಿಸಿಕೊಂಡವರಲ್ಲಿ, ನಾಲ್ಕು ಗಂಟೆಗೂ ಮಿಕ್ಕಿ ಓಡಿದವರಲ್ಲಿ ಈ ಅಪಾಯ ಹೆಚ್ಚಾಗಿ ಕಂಡಿತು. ನಮ್ಮ ಬಳಗದ ಬಹುತೇಕರು ನಾಲ್ಕು ಗಂಟೆ ದಾಟುವವರೇ ಆದ್ದರಿಂದ ಇದನ್ನು ಮನಸ್ಸಿಟ್ಟು ಓದಿ. ಬಾಯಾರಿದಾಗ ಕುಡಿಯಿರಿ, ಉಪ್ಪು ಬೆರೆತದ್ದನ್ನೂ ನಡುನಡುವೆ ಕುಡಿಯಿರಿ. ಇಲ್ಲಿ ಒಂದು ಗಂಟೆ ಓಡುವ ಮುಂಚೆ ಮತ್ತು ಆಮೇಲೆ ತೂಕ ನೋಡಿಕೊಂಡರೆ ನಿಮ್ಮ ಬೆವರಿನ ಪ್ರಮಾಣ ನಿಮಗೇ ತಿಳಿಯುತ್ತದೆ.

ಎರಡನೆಯದು ನೋವಿನ ಮಾತ್ರೆ. ನಮ್ಮ ಜೊತೆ ಬಂದಿದ್ದ ಒಬ್ಬರು ಓಟದ ಮುಂಚೆ ಎಲ್ಲರಿಗೂ ಒಂದೊಂದು ಮಾತ್ರೆ ಹಂಚಿದರು, ಒಳ್ಳೆಯ ಮನಸ್ಸಿನಿಂದಲೇ. ನಾನು ತಡೆದೆ. ನೀರು ಕಡಿಮೆಯಾದ ದೇಹದಲ್ಲಿ ಐಬುಪ್ರೊಫೆನ್ ಜಾತಿಯ ಮಾತ್ರೆಗಳು ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ಇನ್ನೂ ತಗ್ಗಿಸುತ್ತವೆ. ಓಟದ ದಿನ ಅವು ಬೇಡವೇ ಬೇಡ.

ಬೇಲೂರು, ಶಿಕ್ಷಕಿ

ನಾನು ಓಡಿದ್ದು ಅರ್ಧ ಮ್ಯಾರಥಾನ್, 2024ರಲ್ಲಿ. ಅದು ಮಾಹಿಮ್‌ನಿಂದ ಹೊರಡುತ್ತದೆ. ಎಲ್ಲರೂ ಓಟದ ಮಾತು ಬರೆದಿದ್ದಾರೆ, ನಾನು ಅದಕ್ಕೂ ಮೊದಲಿನ ಎರಡು ಗಂಟೆಯ ಬಗ್ಗೆ ಬರೆಯುತ್ತೇನೆ.

ಬೇಲೂರಿನಲ್ಲಿ ನಾನು ಓಡಲು ಶುರು ಮಾಡಿದಾಗ ಒಂದು ವರ್ಷ ಅಪ್ಪ ಮೊಪೆಡ್‌ನಲ್ಲಿ ಹಿಂದೆ ಬರುತ್ತಿದ್ದರು. ಹಳೇಬೀಡು ರಸ್ತೆಯಲ್ಲಿ ಹಾಲಿನ ಕ್ಯಾನು ಹೊತ್ತು ಬರುವವರು ಮೊದಮೊದಲು ನಿಂತು "ಯಾರಿಗಾದರೂ ಹುಷಾರಿಲ್ವಾ, ಯಾಕವ್ವ ಓಡ್ತಿದ್ದೀಯ?" ಎಂದು ನಿಜವಾದ ಕಾಳಜಿಯಿಂದ ಕೇಳುತ್ತಿದ್ದರು. ಹೆಂಗಸು ಕಾರಣವಿಲ್ಲದೆ ಓಡುವುದನ್ನು ಅವರು ಕಂಡಿರಲಿಲ್ಲ. ಒಲಿಂಪಿಕ್ಸ್‌ನಲ್ಲಿ ಹೆಂಗಸರಿಗೆ ಮ್ಯಾರಥಾನ್ ಓಡಲು ಅವಕಾಶ ಸಿಕ್ಕಿದ್ದೇ 1984ರಲ್ಲಿ ಎಂಬುದನ್ನು ನೆನೆದರೆ, ಆ ಹಾಲಿನವರ ಮೇಲೆ ನನಗೆ ಯಾವ ಬೇಸರವೂ ಇಲ್ಲ.

ಮುಂಬಯಿಯಲ್ಲಿ ಬೋರಿವಲಿಯ ಚಿಕ್ಕಮ್ಮನ ಮನೆಯಲ್ಲಿ ಉಳಿದಿದ್ದೆ. ಓಟದ ದಿನ ಓಟಗಾರರಿಗಾಗಿ ಬೆಳಗಿನ ಜಾವ ವಿಶೇಷ ಲೋಕಲ್ ರೈಲು ಬಿಡುತ್ತಾರೆ. ಮಹಿಳೆಯರ ಬೋಗಿಗೆ ಹತ್ತಿದರೆ ಒಳಗೆಲ್ಲ ಎದೆಗೆ ಸಂಖ್ಯೆ ಚುಚ್ಚಿಕೊಂಡ ಹೆಂಗಸರೇ. ಒಬ್ಬರು ಸೀರೆಯ ಕಚ್ಚೆ ಬಿಗಿದು ಬೂಟು ಹಾಕಿದ್ದರು. ಇನ್ನೊಬ್ಬರು ಕಂಕುಳು, ತೊಡೆಗಳಿಗೆ ವ್ಯಾಸಲೀನ್ ಹಚ್ಚಿಕೊಂಡು ಡಬ್ಬಿಯನ್ನು ನನಗೂ ಕೊಟ್ಟರು. ಉಪ್ಪುಬೆವರಿನಲ್ಲಿ ಬಟ್ಟೆ ಉಜ್ಜಿ ಚರ್ಮ ಕಿತ್ತುಬರುವುದೆಂದು ನನಗೆ ಯಾರೂ ಹೇಳಿರಲಿಲ್ಲ, ಆ ಡಬ್ಬಿಯಿಂದಾಗಿ ನಾನು ಬಚಾವಾದೆ. ಇಡೀ ಬೋಗಿಯಲ್ಲಿ ಯಾರೂ ಯಾರನ್ನೂ ಏಕೆ ಓಡುತ್ತೀರಿ ಎಂದು ಕೇಳಲಿಲ್ಲ. ನನ್ನ ಪಾಲಿಗೆ ಮ್ಯಾರಥಾನ್ ಎಂದರೆ ಆ ಅರ್ಧ ಗಂಟೆ.

ಹೊಸಬರಿಗೆ ಎರಡು ಸೂಚನೆ. ಎದೆಸಂಖ್ಯೆಯನ್ನು ಓಟದ ದಿನ ಕೊಡುವುದಿಲ್ಲ. ಅದಕ್ಕೂ ಮುಂಚಿನ ದಿನಗಳಲ್ಲಿ ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿ ಗುರುತಿನ ಚೀಟಿ ತೋರಿಸಿ ಪಡೆಯಬೇಕಾದ್ದರಿಂದ ಶುಕ್ರವಾರಕ್ಕೇ ಊರು ಮುಟ್ಟುವಂತೆ ಟಿಕೆಟ್ ಮಾಡಿ, ಶನಿವಾರ ಅಲ್ಲಿ ವಿಪರೀತ ನೂಕುನುಗ್ಗಲು. ಇನ್ನು ಶೌಚಾಲಯದ ಸಾಲು ಬಹಳ ಉದ್ದ, ಮನೆಯಲ್ಲೇ ಮುಗಿಸಿಕೊಂಡು ಹೊರಡುವಂತೆ ಎದ್ದೇಳಿ.

ಕಡೂರು

ಮುಗಿಸಿದವರೇ ಬರೆಯುತ್ತಿದ್ದಾರೆ, ಮುಗಿಸಲಾಗದವನೂ ಬರೆಯಬೇಕು. 2024ರಲ್ಲಿ 33ನೇ ಕಿಲೋಮೀಟರಿನಲ್ಲಿ ನಾನು ಓಟ ಬಿಟ್ಟೆ.

ಹಣ ಕೊಟ್ಟು ಸೇರಿದ್ದ ಒಂದು ತರಬೇತಿ ವ್ಯವಸ್ಥೆಯವರು ಹದಿನಾರು ವಾರದ ಪಟ್ಟಿ ಕಳಿಸಿದ್ದರು. ಹನ್ನೊಂದನೆಯ ವಾರದಲ್ಲಿ ನನಗೆ ಎಡ ಮೀನಖಂಡ ಹಿಡಿದುಕೊಂಡಿತು. ತಿಳಿಸಿದಾಗ ಪಟ್ಟಿ ಬಿಡಬೇಡಿ ಎಂಬ ಒಂದು ಸಾಲಿನ ಉತ್ತರ ಬಂತು. ಬಿಡಲಿಲ್ಲ. ಮಧ್ಯೆ ಅಂಗಡಿಯವರ ಮಾತು ಕೇಳಿ ಅಟ್ಟೆಯಲ್ಲಿ ಕಾರ್ಬನ್ ಹಲಗೆಯಿರುವ ದುಬಾರಿ ಬೂಟು ಕೊಂಡು, ಓಟಕ್ಕೆ ಎಂಟು ದಿನ ಮುಂಚೆ ಹಾಕಲು ಶುರು ಮಾಡಿದೆ. ಎರವಲು ಬೂಟಿನಲ್ಲಿ ಗೆದ್ದವರ ಮಾತು ಮೇಲೆ ಬಂದಿದೆ. ಅವರ ಕಾಲು ಬೇರೆ, ನಮ್ಮ ಕಾಲು ಬೇರೆ. ಆ ಗಟ್ಟಿ ಹಲಗೆ ನನ್ನ ಹೆಜ್ಜೆಯ ಭಾರವನ್ನು ಹೊಸ ಕಡೆಗೆ ತಳ್ಳಿತು, ಮೊದಲೇ ನೊಂದಿದ್ದ ಸ್ನಾಯು ಸೇತುವೆ ದಾಟುವ ಮೊದಲೇ ಸೆಟೆಯಿತು.

ಓಟ ಬಿಡುವ ನಿರ್ಧಾರ ಮಾಡಿದ ಜಾಗ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಪಾದಚಾರಿ ಹಾದಿಯ ಕಲ್ಲಿನ ಮೇಲೆ ಕುಳಿತು ಬೂಟಿನ ದಾರ ಬಿಚ್ಚಿದೆ. ಶಾಲೆಯ ಸಮವಸ್ತ್ರದಲ್ಲಿದ್ದ ಸ್ವಯಂಸೇವಕ ಹುಡುಗನೊಬ್ಬ ಓಡಿಬಂದು, ನೋವು ಕಡಿಮೆ ಮಾಡುವ ದ್ರವವನ್ನು ಕಾಲಿಗೆ ಸಿಂಪಡಿಸಿ, ನನ್ನ ಮುಖ ನೋಡಿ, ಏನೂ ಹೇಳದೆ ಪಕ್ಕದಲ್ಲಿ ಕುಳಿತ. ವೈದ್ಯಕೀಯ ವಾಹನ ಬರುವವರೆಗೆ ಕುಳಿತೇ ಇದ್ದ. ಊರಿಗೆ ಬಂದ ಮೇಲೆ ಮೂರು ತಿಂಗಳು ನಾನು ಓಡಲಿಲ್ಲ, ಯಾರಾದರೂ ಕೇಳಿದರೆ ಮಾತು ತಪ್ಪಿಸುತ್ತಿದ್ದೆ. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ.

ಚಿಕ್ಕಮಗಳೂರು, ನಿವೃತ್ತ ದೈಹಿಕ ಶಿಕ್ಷಕ

ಕಡೂರಿನವರೇ, 33ರಲ್ಲಿ ನಿಂತದ್ದು ಸರಿಯಾದ ತೀರ್ಮಾನ. ಹರಿದ ಸ್ನಾಯುವಿನ ಮೇಲೆ ಒಂಬತ್ತು ಕಿಲೋಮೀಟರ್ ಎಳೆದಿದ್ದರೆ ಮೂರು ತಿಂಗಳಲ್ಲ, ವರ್ಷವೇ ಹೋಗುತ್ತಿತ್ತು.

ನಾನು ಒಂದು ಭಿನ್ನಾಭಿಪ್ರಾಯ ದಾಖಲಿಸಬೇಕು. ಅಷ್ಟು ಖರ್ಚು ಮಾಡಿಕೊಂಡು, ಎರಡು ರಾತ್ರಿ ಪ್ರಯಾಣ ಮಾಡಿ ಮುಂಬಯಿಗೇ ಹೋಗಬೇಕೇ? ನಮ್ಮ ಜಿಲ್ಲೆಯ ಕಾಫಿ ತೋಟಗಳ ಹಾದಿಯಲ್ಲಿ ಮಲ್ನಾಡ್ ಅಲ್ಟ್ರಾ ಎಂಬ ಅತಿದೂರದ ಓಟ ಓಡಲು ದೇಶದ ಎಲ್ಲ ಕಡೆಯಿಂದ ಜನ ಬರುತ್ತಾರೆ, ನಮ್ಮವರೇ ಅಲ್ಲಿ ಕಡಿಮೆ. ನೇತಾಜಿ ಮೈದಾನದಲ್ಲಿ ನನ್ನ ಬಳಿ ಅಭ್ಯಾಸ ಮಾಡಿದ ಹುಡುಗರಿಗೆ ಶಿವನಾಥ್ ಸಿಂಗ್ ಅವರ ಉದಾಹರಣೆ ಕೊಡುತ್ತಿದ್ದೆ. 1978ರಲ್ಲಿ ಜಲಂಧರ್‌ನಲ್ಲಿ 2 ಗಂಟೆ 12 ನಿಮಿಷದಲ್ಲಿ ಮ್ಯಾರಥಾನ್ ಮುಗಿಸಿದವರು ಅವರು, ಬರಿಗಾಲಿನಲ್ಲಿ ಓಡುವುದಕ್ಕೆ ಹೆಸರಾದವರು. ದೊಡ್ಡ ಊರಿನ ಗದ್ದಲ ಓಟಗಾರನನ್ನು ತಯಾರು ಮಾಡುವುದಿಲ್ಲ.

ಬೇಲೂರು, ಶಿಕ್ಷಕಿ

ಗುರುಗಳೇ, ನಿಮ್ಮ ಮಾತು ಸ್ಪರ್ಧೆಗೆ ಓಡುವ ಹುಡುಗರ ಮಟ್ಟಿಗೆ ಸರಿ. ಆದರೆ ನಲವತ್ತು ದಾಟಿದ, ಯಾವ ಮೈದಾನವೂ ಕರೆಯದ ನನ್ನಂಥವಳಿಗೆ ಇಡೀ ನಗರವೇ ವಾಹನ ನಿಲ್ಲಿಸಿ ರಸ್ತೆ ಬಿಟ್ಟುಕೊಟ್ಟು, ಅಪರಿಚಿತರು ಬೆಳಗಿನಿಂದ ಬಾಳೆಹಣ್ಣು, ಚಿಕ್ಕಿ ಹಿಡಿದು ನಿಂತಿರುವುದು ಬೇರೆಲ್ಲೂ ಸಿಗಲಿಲ್ಲ. ಅದನ್ನು ಗದ್ದಲ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಹಿಂತಿರುಗಿದ ಮೇಲೆ ನಮ್ಮ ಶಾಲೆಯ ಆರು ಜನ ಹೆಣ್ಣುಮಕ್ಕಳು ಬೆಳಿಗ್ಗೆ ನನ್ನ ಜೊತೆ ಓಡುತ್ತಿದ್ದಾರೆ. ಅಪ್ಪನ ಮೊಪೆಡ್ಡಿಗೆ ಈಗ ಕೆಲಸವಿಲ್ಲ.

ಚಿಕ್ಕಮಗಳೂರು, ನಿವೃತ್ತ ದೈಹಿಕ ಶಿಕ್ಷಕ

ಆ ಆರು ಮಕ್ಕಳನ್ನು ಒಂದು ಭಾನುವಾರ ಇಲ್ಲಿಗೆ ಕರೆತನ್ನಿ. ಇದು ನಾನು ಯೋಚಿಸದ ಮಗ್ಗುಲು.

ಹಾಸನ, ಸಾಲಗಾಮೆ ರಸ್ತೆ

ಎಲ್ಲರಿಗೂ ಕೃತಜ್ಞತೆಗಳು. 2024ರಲ್ಲಿ ಮತ್ತೆ ಹೋಗಿದ್ದೆ, ಅದನ್ನೂ ಬರೆದುಬಿಡುತ್ತೇನೆ. ಆ ಸಲ ಒಂದು ಬದಲಾವಣೆ ಮಾಡಿದ್ದೆ. ಸೆಕೆಗೆ ಮೈ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಬೇಕೆನ್ನುತ್ತಾರೆ, ಅಷ್ಟು ದಿನ ಮುಂಚೆ ಮುಂಬಯಿಗೆ ಹೋಗಿ ಕೂರುವಷ್ಟು ರಜೆ ಯಾರಿಗಿದೆ? ಆದರೆ ಕಡಲು ನಮಗೇನೂ ದೂರವಲ್ಲ. ಡಿಸೆಂಬರಿನಲ್ಲಿ ಮೂರು ವಾರಾಂತ್ಯ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗಿ, ಪಣಂಬೂರಿನ ಕಡೆಯ ರಸ್ತೆಯಲ್ಲಿ ಬೆಳಿಗ್ಗೆ ಏಳಕ್ಕೆ ಹೊರಟು ಬಿಸಿಲೇರುವವರೆಗೆ ಓಡಿದೆ. ಉಳಿದ ದಿನ ಊರಿನಲ್ಲೇ ಸಂಜೆ ನಾಲ್ಕಕ್ಕೆ, ಬಿಸಿಲು ಇಳಿಯುವ ಮೊದಲೇ ಓಡಿದೆ. ಮೊದಲ ವಾರ ಮಂಗಳೂರಿನಲ್ಲಿ ಹದಿನೆಂಟು ಕಿಲೋಮೀಟರಿಗೇ ಸುಸ್ತಾಗಿ ಎಳನೀರಿನ ಅಂಗಡಿಯ ಬೆಂಚಿನಲ್ಲಿ ಮಲಗಿಬಿಟ್ಟಿದ್ದೆ. ಮೂರನೆಯ ವಾರ ಇಪ್ಪತ್ತೆಂಟು ಓಡಿ ನಗುತ್ತಾ ಎಳನೀರು ಕುಡಿದೆ.

ತಿನ್ನುವುದನ್ನೂ ಅಲ್ಲೇ ಅಭ್ಯಾಸ ಮಾಡಿದೆ. ದೇಹದಲ್ಲಿ ಕೂಡಿಟ್ಟ ಶರ್ಕರಪಿಷ್ಟದ ಸಂಗ್ರಹ ಹೆಚ್ಚುಕಡಿಮೆ ಮೂವತ್ತು ಕಿಲೋಮೀಟರಿಗೆ ತಳ ಕಾಣುತ್ತದೆ, ಓಟಗಾರರೆಲ್ಲ ಹೇಳುವ ಆ ಗೋಡೆ, ಎಂದರೆ ಶಕ್ತಿ ಒಮ್ಮೆಲೇ ಬರಿದಾಗುವ ಹಂತ, ಎದುರಾಗುವುದು ಅಲ್ಲಿಯೇ. ಗಂಟೆಗೆ ಮೂವತ್ತರಿಂದ ಅರವತ್ತು ಗ್ರಾಂ ಸಕ್ಕರೆ ಅಂಶ ಒಳಗೆ ಹೋಗುತ್ತಿರಬೇಕು, ಅದೂ ಹಸಿವಾಗುವ ಮೊದಲೇ. ಓಡುತ್ತಾ ನುಂಗುವ ಸಕ್ಕರೆಯ ಅಂಟುದ್ರವದ (ಜೆಲ್) ಪೊಟ್ಟಣಗಳು ನನಗೆ ಹಿಡಿಸುವುದಿಲ್ಲ. ಖರ್ಜೂರ, ಉಪ್ಪು ಬೆರೆಸಿದ ಬೆಲ್ಲದ ಪಾನಕ ಒಗ್ಗಿದವು. ಯಾವುದೇ ಆಗಲಿ, ಇಲ್ಲಿ ತಿಂದು ನೋಡದ್ದನ್ನು ಅಲ್ಲಿ ತಿನ್ನಬೇಡಿ.

ಓಟದ ದಿನ ಮರೀನ್ ಡ್ರೈವಿನಲ್ಲಿ ನೂರಾರು ಜನ ನನ್ನನ್ನು ದಾಟಿಹೋದರು, ಹೋಗಲಿ ಎಂದು ಬಿಟ್ಟೆ. ಅರ್ಧ ದೂರಕ್ಕೆ 2 ಗಂಟೆ 10 ನಿಮಿಷ, ಪೂರ್ಣಕ್ಕೆ 4 ಗಂಟೆ 24 ನಿಮಿಷ. ಪೆಡ್ಡರ್ ರಸ್ತೆಯನ್ನು ಸಣ್ಣ ಹೆಜ್ಜೆಯಲ್ಲಿ ನಿಲ್ಲದೆ ಏರಿದೆ. ಆ ತಾಯಿ ಅದೇ ಜಾಗದಲ್ಲಿ ಇದ್ದಾರೆಯೇ ಎಂದು ಎಡಬಲ ನೋಡುತ್ತಾ ಹೋದೆ, ಕಾಣಲಿಲ್ಲ. ಬೇರೊಂದು ಮೇಜಿನಲ್ಲಿ ಪುಟ್ಟ ಹುಡುಗಿಯೊಬ್ಬಳು ಚಾಚಿದ ಕಿತ್ತಳೆ ತೆಗೆದುಕೊಂಡೆ.

ಕಡೂರಿನವರೇ, ಈ ಡಿಸೆಂಬರಿನ ಮೊದಲ ಶನಿವಾರ ಮಧ್ಯಾಹ್ನ ನಾವು ಆರು ಜನ ಮಂಗಳೂರಿಗೆ ಹೊರಡುತ್ತಿದ್ದೇವೆ. ವಾಹನದಲ್ಲಿ ಒಂದು ಜಾಗ ಖಾಲಿಯಿದೆ. ಹಳೆಯ ಬೂಟನ್ನೇ ತನ್ನಿ.

ಕಡೂರು

ಬರುತ್ತೇನೆ. ಹಾಸನದ ಬಸ್ ನಿಲ್ದಾಣಕ್ಕೆ ಹನ್ನೆರಡೂವರೆಯೊಳಗೆ ಬಂದಿರುತ್ತೇನೆ. ಎಷ್ಟು ದೂರ ಓಡುತ್ತೇನೆಂದು ಮಾತ್ರ ಈಗಲೇ ಕೇಳಬೇಡಿ.